ಬೆಚ್ಚನೆಯ ನೀರಿನ ಕೊಡ

ರಾಯಚೂರಿನಂಥ ಬಿಸಿಲಿನ ಊರಿನಲ್ಲಿ, ತಲೆಯ ಮೇಲೆ ಚಾವಣಿಯಿಲ್ಲದ, ಎರಡೇ ಸೀಟಿನ, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಓಡುವ ಕಾರನ್ನು ಬುದ್ಧಿ ನೆಟ್ಟಗಿದ್ದವರು ಯಾರೂ ಇಟ್ಟುಕೊಳ್ಳುವುದಿಲ್ಲ. ವಿಶಾಖಾ ಇಟ್ಟುಕೊಂಡಿದ್ದಳು. ಹತ್ತಿ ಮಿಲ್ಲಿನ ಸಾಹುಕಾರನ ಮಗ ಅದನ್ನು ಎಲ್ಲಿಂದಲೋ ತರಿಸಿ, ನಾಲ್ಕು ದಿನ ಮೆರೆದು, ಕೆಟ್ಟ ಮೇಲೆ ಮಿಲ್ಲಿನ ಹಿತ್ತಲಿಗೆ ತಳ್ಳಿ ಮರೆತುಬಿಟ್ಟಿದ್ದ. ಅಲ್ಲಿ ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು. ಐಟಿಐಯಲ್ಲಿ ಹುಡುಗರಿಗೆ ಎಂಜಿನ್ ಬಿಚ್ಚುವುದನ್ನೂ ಕೂಡಿಸುವುದನ್ನೂ ಕಲಿಸುತ್ತಿದ್ದ ವಿಶಾಖಾ, ಗುಜರಿ ದರಕ್ಕೆ ಅದನ್ನು ಕೊಂಡು ಮನೆಗೆ ಎಳೆದು ತಂದಳು. ಮದುವೆಯಾಗು ಎಂದರೆ ತಗಡು ತಂದಳು ನನ್ನ ಮಗಳು ಎಂದು ತಾಯಿ ಗೋಪಮ್ಮ ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು.

ಅವಳ ಬೆನ್ನಿಗೆ ನಿಂತವನು ಅಪ್ಪ ಸುಂಕಪ್ಪ. ಅವನು ರಾಯಚೂರಿನಿಂದ ದೇವದುರ್ಗ, ಜಾಲಹಳ್ಳಿಗೆ ಹೋಗುವ ಬಸ್ಸನ್ನು ಆಯುಷ್ಯವೆಲ್ಲ ಓಡಿಸಿ ನಿವೃತ್ತನಾದವನು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ಒಳಗಿನ ಸಂಕಟ ಕೇಳುವುದನ್ನು ಮಗಳು ಲಂಗ ಹಾಕುವ ವಯಸ್ಸಿನಲ್ಲೇ ಅವನು ಕಲಿಸಿದ್ದ. ಅಂಗಳದಲ್ಲಿ ತಗಡಿನ ನೆರಳು ಕಟ್ಟಿ ಇಬ್ಬರೂ ಕೂಡಿ ಆ ಕಾರಿಗೆ ಜೀವ ತುಂಬಿದರು. ವಿಶಾಖಾ ಕಾರಿನ ಅಡಿಯಿಂದ ಕೈ ಚಾಚಿದರೆ ಸಾಕು, ಬಾಯಿಬಿಟ್ಟು ಕೇಳುವ ಮೊದಲೇ ನಟ್ಟು ಬಿಚ್ಚಲು ಬೇಕಾದ ಅಳತೆಯ ಪಾನಾ ಅಪ್ಪನ ಕೈಯಿಂದ ಅವಳ ಅಂಗೈಗೆ ಬಂದು ಕೂಡುತ್ತಿತ್ತು. ಅಪ್ಪ ಮಗಳ ನಡುವೆ ಜಗಳ ಬರುತ್ತಿದ್ದುದು ಒಂದೇ ವಿಷಯಕ್ಕೆ. ಹಳೆಯ ಚಾಲಕರಿಗೆಲ್ಲ ಗೊತ್ತಿರುವಂತೆ, ದಾರಿಯಲ್ಲಿ ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನಪುಡಿ ಸುರಿಯುವುದು. ಪುಡಿ ಹೋಗಿ ತೂತಿಗೆ ಕೂತು, ಮುಂದಿನ ಊರಿನ ತನಕ ಗಾಡಿ ನಡೆಯುತ್ತದೆ. ಸುಂಕಪ್ಪನ ಬಸ್ಸಿನ ಸೀಟಿನಡಿ ಅರಿಶಿನದ ಡಬ್ಬಿ ಯಾವಾಗಲೂ ಇರುತ್ತಿತ್ತು. ಈ ಕಾರಿನ ರೇಡಿಯೇಟರಿನ ಕೊಳವೆಗಳು ಸಣ್ಣವು, ಪುಡಿ ಹೋದರೆ ತೂತಲ್ಲ, ಗಂಟಲೇ ಕಟ್ಟುತ್ತದೆ, ನಿನ್ನ ಡಬ್ಬಿ ದೂರವಿಡು ಎಂದು ವಿಶಾಖಾ ಎಷ್ಟೋ ಸಲ ಗದರಿದ್ದಳು. ಅವನು ನಕ್ಕು ತಲೆಯಾಡಿಸುತ್ತಿದ್ದ.

ಹೀಗಿರುವಾಗ ತಮ್ಮ ಹುಲಿಗೇಶನ ಮದುವೆ ಕೂಡಿಬಂತು. ಅವನು ದೇವದುರ್ಗದಲ್ಲಿ ಹೈಸ್ಕೂಲು ಮಾಸ್ತರ. ಹುಡುಗಿ ಮಂಜುಳಾ, ಕುರ್ಡಿಯವಳು. ಮದುವೆ ಮಾನ್ವಿಯ ಮಂಟಪದಲ್ಲಿ. ಆದರೆ ಮದುಮಗ ಹೊರಡಬೇಕಾದದ್ದು ಸ್ವಂತ ಊರಿನಿಂದ, ಜಾಲಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಹಳ್ಳಿಯಿಂದ. ಊರಿನ ಹೆಸರು ಹೇಳುವುದು ಬೇಡ. ಹೇಳಿದರೆ ಆ ಊರವರು ಜಗಳಕ್ಕೆ ಬರುತ್ತಾರೆ, ಹೇಳದಿದ್ದರೆ ಸುತ್ತಲಿನ ನಾಲ್ಕೂ ಊರವರು ನಮ್ಮದೇ ಇರಬೇಕು ಎಂದು ಸುಮ್ಮನಾಗುತ್ತಾರೆ.

ಆ ಊರಿನ ಅಗಸಿಯ, ಅಂದರೆ ಹೆಬ್ಬಾಗಿಲಿನ, ಒಳಗೆ ಹನುಮಪ್ಪನ ಗುಡಿ, ಗುಡಿಯ ಮುಂದೆ ಕಟ್ಟೆ. ಸುಂಕಪ್ಪನವರ ಕೇರಿಯ ಮದುಮಗ ಕುದುರೆ ಏರಿರಲಿ, ಟ್ರ್ಯಾಕ್ಟರ್ ಏರಿರಲಿ, ಆ ಕಟ್ಟೆ ಬಂದ ಕೂಡಲೇ ಇಳಿಯಬೇಕು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದು, ಕಟ್ಟೆ ದಾಟಿದ ಮೇಲೆ ಮತ್ತೆ ಏರಬೇಕು. ಹೀಗೆಂದು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಈಚೆಗೆ ಯಾರೂ ಬಾಯಿಬಿಟ್ಟು ಹೇಳಿದ್ದೂ ಇಲ್ಲ, ಏಕೆಂದರೆ ಹೇಳುವ ಮೊದಲೇ ಎಲ್ಲರೂ ಇಳಿಯುತ್ತಿದ್ದರು. ಹುಲಿಗೇಶ ತಾನು ಇಳಿಯುವುದಿಲ್ಲ ಎಂದ. ನೂರು ಮಕ್ಕಳ ಮುಂದೆ ನಿಂತು ಎಲ್ಲರೂ ಸಮಾನರು ಎಂದು ಪಾಠ ಹೇಳಿ, ತನ್ನ ಊರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿಯಲಾರೆ ಎಂದ. ವಿಶಾಖಾ ಅವನ ಹೆಗಲ ಮೇಲೆ ಕೈಯಿಟ್ಟು ಮಾತು ಕೊಟ್ಟಳು.

"ನನ್ನ ಕಾರಿನಾಗ ಕೂಡು. ಅಗಸಿ ದಾಟೋ ತನಕ ನಿನ್ನ ಕಾಲು ನೆಲಕ್ಕ ಹತ್ತಂಗಿಲ್ಲ."

ಸುಂಕಪ್ಪ ಆಗ ಊಟ ಮಾಡುತ್ತಿದ್ದ. ರೊಟ್ಟಿ ಮುರಿಯುವ ಕೈ ಒಂದು ಗಳಿಗೆ ನಿಂತಿತು. ಆಮೇಲೆ, ಆಗಲಿ ಬಿಡ್ರಿ ಎಂದು ಊಟ ಮುಗಿಸಿ ಎದ್ದ.

ಮದುವೆಗೆ ಇನ್ನೂ ಕೆಲವು ದಿನಗಳಿರುವಾಗ ಕಾರು ಮುನಿಸಿಕೊಂಡಿತು. ಕೀಲಿ ತಿರುವಿದರೆ ಟಕ್ ಎಂಬ ಸದ್ದೂ ಇಲ್ಲ. ದೀಪ ಉರಿಯುತ್ತಿತ್ತು, ಹಾರ್ನ್ ಕೂಗುತ್ತಿತ್ತು, ಅಂದರೆ ಬ್ಯಾಟರಿಯದು ತಪ್ಪಿಲ್ಲ. ವಿಶಾಖಾ ಅಡಿಗೆ ನುಗ್ಗಿ ನೋಡಿದರೆ, ಸ್ಟಾರ್ಟರಿಗೆ ಹೋಗುವ ಸಣ್ಣ ತಂತಿ ಕಳಚಿ ನೇತಾಡುತ್ತಿತ್ತು. ಹಳೆಯ ಗಾಡಿ, ಅಲುಗಾಟಕ್ಕೆ ಬಿಚ್ಚಿರಬೇಕು ಎಂದು ಮತ್ತೆ ಸಿಕ್ಕಿಸಿದಳು. ಎರಡು ದಿನಕ್ಕೆ ಅದೇ ತಂತಿ ಅದೇ ರೀತಿ ನೇತಾಡಿತು. ಅದರ ತುದಿಯನ್ನೇ ಕತ್ತರಿಸಿ, ಹೊಸದು ಕೂಡಿಸಿ, ಎಳೆದರೂ ಬಾರದಂತೆ ಬಿಗಿದಳು. ಪಕ್ಕದಲ್ಲಿ ಕೂತು ಟಾರ್ಚ್ ಹಿಡಿದು ಬೆಳಕು ಬಿಟ್ಟವನು ಅಪ್ಪನೇ.

ಅದು ಮುಗಿಯಿತು ಎನ್ನುವಾಗ ನೀರು ಸೋರತೊಡಗಿತು. ಬೆಳಿಗ್ಗೆ ಎದ್ದು ನೋಡಿದರೆ ಕಾರಿನಡಿ ಹಸಿರು ಕೂಲಂಟಿನ ಮಡು. ವಿಶಾಖಾ ರೇಡಿಯೇಟರಿನ ಬಾಯಿಗೆ ಪಂಪು ಕಟ್ಟಿ ಗಾಳಿ ಒತ್ತಿ, ಎಲ್ಲಿ ಹನಿಯುತ್ತದೆ ಎಂದು ಕೈಯಾಡಿಸುತ್ತ ಹೋದಳು. ಕೆಳಗಿನ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲಾಗಿತ್ತು. ಬಿಗಿ ಮಾಡಿದಳು, ಮತ್ತೆ ಸೋರಿತು. ಪೈಪು, ಕ್ಲಿಪ್ಪು ಎರಡನ್ನೂ ಹೊಸದಾಗಿ ಹಾಕಿದಳು, ಆಗಲೂ ಸೋರಿತು. ಸಿಟ್ಟು ನೆತ್ತಿಗೇರಿ, ಬಿಡಿಭಾಗ ಮಾರುವ ಮುದಸ್ಸಿರನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ ಕಳಪೆ ಮಾಲು ಕೊಟ್ಟಿ ಎಂದು ಅವನ ಮಾನ ಕಳೆದಳು. ವರ್ಷಗಟ್ಟಲೆ ಪರಿಚಯದ ಮನುಷ್ಯ, ಬೇರೆಯವರಾಗಿದ್ದರೆ ತಿರುಗಿ ಬೀಳುತ್ತಿದ್ದರು. ಅವನು ಕ್ಲಿಪ್ಪನ್ನು ಕೈಯಲ್ಲಿ ತಿರುವಿ ನೋಡಿ, ಅವಳಿಗಷ್ಟೇ ಕೇಳುವಂತೆ ಹೇಳಿದ.

"ಇದು ತಾನಾಗಿ ಸಡಲಂಗಿಲ್ರಿ ಮೇಡಂ. ಯಾರೋ ಬಿಚ್ಚ್ಯಾರ."

"ನನ್ನ ಗಾಡಿ ಮುಟ್ಟಾವ್ರು ಇಬ್ರ. ಒಬ್ಬಾಕಿ ನಾನು, ಇನ್ನೊಬ್ಬಾವ ನಮ್ಮಪ್ಪ," ಎಂದಳು ವಿಶಾಖಾ.

ಮುದಸ್ಸಿರ್ ಇನ್ನೊಂದು ಕ್ಲಿಪ್ಪನ್ನು ದುಡ್ಡಿಲ್ಲದೆ ಕಾಗದದಲ್ಲಿ ಸುತ್ತಿ ಕೊಟ್ಟು ಮುಂದಿನ ಗಿರಾಕಿಯತ್ತ ತಿರುಗಿದ. ತಾನು ಗೆದ್ದೆನೆಂದುಕೊಂಡು ಅವಳು ಮನೆಗೆ ಬಂದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವ ಮಾತಿಗೆ ಇವಳಿಗಿಂತ ಒಳ್ಳೆಯ ಉದಾಹರಣೆ ಆ ವಾರ ರಾಯಚೂರಿನಲ್ಲಿ ಇರಲಿಲ್ಲ. ಆ ಕ್ಲಿಪ್ಪನ್ನು ಹಾಕಿ, ಈ ಸಲ ಸ್ಕ್ರೂವಿನ ತಲೆಯನ್ನೇ ಅರದಿಂದ ಉಜ್ಜಿ ಸವೆಸಿದಳು, ತಾನಾಗಿಯೂ ಸಡಿಲಾಗಬಾರದು, ಯಾರಿಂದಲೂ ಆಗಬಾರದು ಎಂದು. ಅಪ್ಪ ಒಳ್ಳೆಯದಾಯಿತು ಎಂದ. ಆ ರಾತ್ರಿಯಿಂದ ಹನಿ ನಿಂತಿತು.

ಮದುವೆಯ ಹಿಂದಿನ ದಿನ ಕಾರು ರಾಯಚೂರಿನಿಂದ ದೇವದುರ್ಗ, ಜಾಲಹಳ್ಳಿ ದಾಟಿ, ಎಲ್ಲೂ ಉಸಿರು ತಪ್ಪದೆ ಊರು ಸೇರಿತು. ಕೇರಿಯವರೆಲ್ಲ ಸುತ್ತ ನೆರೆದರು. ಇಷ್ಟು ಸಣ್ಣ ಗಾಡಿಗೆ ಇಷ್ಟು ದೊಡ್ಡ ಮೂತಿ ಯಾಕೆ ಎಂದು ಮುದುಕಿಯೊಬ್ಬಳು ಕೇಳಿ ಎಲ್ಲರನ್ನೂ ನಗಿಸಿದಳು. ಹುಲಿಗೇಶ ಸೀಟಿನಲ್ಲಿ ಕೂತು ನೋಡಿ, ಇಳಿದು, ಮತ್ತೆ ಕೂತ. ಅವನ ಮುಖದ ಮೇಲಿನ ಖುಷಿ ನೋಡಿ ವಿಶಾಖಾಳಿಗೆ ಅಷ್ಟು ದಿನದ ಬೆನ್ನುನೋವು ಮರೆತೇಹೋಯಿತು.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಹಂದರದಲ್ಲಿ ಅರಿಶಿನ ಹಚ್ಚುವ ಶಾಸ್ತ್ರ. ಹಚ್ಚಿದವರ ಕೈ ಹಳದಿ, ಹಚ್ಚಿಸಿಕೊಂಡವರ ಮೈ ಹಳದಿ, ಸುಮ್ಮನೆ ನೋಡಲು ಬಂದವರ ಅಂಗಿಯೂ ಹಳದಿ. ಸುಂಕಪ್ಪನ ಕೈಯೂ ಹಳದಿಯಾಗಿತ್ತು. ಅದರಲ್ಲಿ ನೋಡುವಂಥದ್ದೇನಿದೆ, ಮದುಮಗನ ಅಪ್ಪ ಅವನು. ವಿಶಾಖಾ ಸ್ನಾನಕ್ಕೆ ಹೋಗಿ ಹೊಸ ಸೀರೆ ಉಟ್ಟು ಬರುವ ತನಕ ಕಾರಿನ ಬಳಿ ಕೂತು ಕಾವಲು ಕಾದವನೂ ಅವನೇ.

ಮೆರವಣಿಗೆ ಹೊರಟಿತು. ಮುಂದೆ ಹಲಗೆಯವರು, ಅವರ ಹಿಂದೆ ಕುಣಿಯುವ ಹುಡುಗರು, ಆಮೇಲೆ ಕಾರು. ಬಾಸಿಂಗ ಕಟ್ಟಿದ ಹುಲಿಗೇಶ ವಿಶಾಖಾಳ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಸುಂಕಪ್ಪ ಹೊಸ ಧೋತರ ಉಟ್ಟು ಹಲಗೆಯವರ ಜೊತೆ ಮುಂದೆ ನಡೆದಿದ್ದ. ಕೇರಿ ದಾಟಿ ದೊಡ್ಡ ಬೀದಿಗೆ ಬಂದರು. ಬೇವಿನ ಮರದ ಹತ್ತಿರ ಬಂದಾಗ ಅವನು ಕೈಯೆತ್ತಿ ಹಲಗೆಯವರನ್ನು ನಿಲ್ಲಿಸಿ, ಇನ್ನೊಂದು ಸಲ ಬಾರಿಸಿರಿ ಎಂದ. ಹುಡುಗರು ಕುಣಿದರು. ಮುಗಿಯಿತು ಎನ್ನುವಾಗ ಇನ್ನೂ ಒಂದು ಸಲ ಎಂದ. ಎಂದೂ ಕುಣಿಯದ ಮನುಷ್ಯ ಆ ದಿನ ತಾನೂ ಎರಡು ಹೆಜ್ಜೆ ಹಾಕಿದ. ಅಪ್ಪನ ಸಂಭ್ರಮ ನೋಡಿ ವಿಶಾಖಾಳ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ಮೀಟರು ನೋಡಿದರೆ, ಬಿಸಿಯ ಮುಳ್ಳು ಕೆಂಪಿಗೆ ಹತ್ತಿ ನಿಂತಿತ್ತು. ಕಟ್ಟೆ ಎದುರಿಗೇ ಕಾಣುತ್ತಿತ್ತು. ಇನ್ನೊಂದು ಗಳಿಗೆ ಓಡಿಸಿದ್ದರೆ ಎಂಜಿನ್ ಸುಟ್ಟುಹೋಗುತ್ತಿತ್ತು. ಅವಳು ಕೀಲಿ ತಿರುವಿ ಆರಿಸಿದಳು. ಬಾನೆಟ್ಟಿನ ಅಂಚಿನಿಂದ ಬಿಳಿ ಆವಿ ಎದ್ದಿತು.

ಹಲಗೆ ನಿಂತಿತು. ಕಟ್ಟೆಯ ಮೇಲಿದ್ದ ಹಿರಿಯರು ಕೂತಲ್ಲೇ ಕೂತಿದ್ದರು. ಸುಂಕಪ್ಪ ಬಂದು ಮುಹೂರ್ತ ಮೀರುತ್ತದೆ, ಅಗಸಿಯ ಆಚೆ ಟೆಂಪೊ ಕಾದಿದೆ, ನಡೆದೇ ಹೋಗೋಣ ಎಂದ. ಹುಲಿಗೇಶ ಅಕ್ಕನ ಮುಖ ನೋಡಿದ. ಕೀಲಿ ತಿರುವಿದವಳು ಅವಳೇ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ.

"ಅಂಜಿದೇನಕ್ಕಾ?" ಎಂದು ಕೇಳಿದ.

ಅವಳ ಉತ್ತರಕ್ಕೆ ಕಾಯದೆ ಇಳಿದ. ಬಗ್ಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಡೆದ. ಹಲಗೆ ಮತ್ತೆ ಶುರುವಾಯಿತು, ಜನ ಅವನ ಹಿಂದೆ ಹೋದರು, ಬೇವಿನ ನೆರಳಿನಲ್ಲಿ ಕಾರು ಮತ್ತು ವಿಶಾಖಾ ಉಳಿದರು. ಸುಂಕಪ್ಪ ಮರದ ಹಿಂದಿನಿಂದ ತುಂಬಿದ ಕೊಡವೊಂದನ್ನು ತಂದು ಗಾಲಿಯ ಪಕ್ಕ ಇಟ್ಟ. ಎಂಜಿನ್ ಸ್ವಲ್ಪ ಆರಲಿ, ಆಮೇಲೆ ಹಾಕು ಎಂದು ಹೇಳಿ ಮೆರವಣಿಗೆಯ ಹಿಂದೆ ಓಡಿದ.

ವಿಶಾಖಾ ಕಣ್ಣೀರಿನ ಮುಖ ತೊಳೆಯಲು ಕೊಡದೊಳಗೆ ಕೈಯದ್ದಿದಳು. ನೀರು ಬೆಚ್ಚಗಿತ್ತು.

ಕುದಿಯುವ ಎಂಜಿನ್ನಿಗೆ ತಣ್ಣೀರು ಸುರಿದರೆ ಅದು ಸೀಳುತ್ತದೆ, ಬೆಚ್ಚನೆಯ ನೀರನ್ನೇ ಹಾಕಬೇಕು. ಇದನ್ನು ಅವಳಿಗೆ ಕಲಿಸಿದವನು ಅಪ್ಪ, ಅವಳು ಪ್ರತಿ ವರ್ಷ ಹುಡುಗರಿಗೆ ಕಲಿಸುತ್ತ ಬಂದಿದ್ದಳು. ಆದರೆ ಬೇವಿನ ಮರದ ಹತ್ತಿರ ಬೆಚ್ಚನೆಯ ನೀರು ಎಲ್ಲಿಂದ ಬಂತು? ಬಿಸಿಲಿಗೆ ಕಾದಿದೆ ಎನ್ನಲು ಕೊಡ ಮರದ ಹಿಂದೆ ನೆರಳಿನಲ್ಲಿತ್ತು. ಮದುವೆ ಮನೆಯ ಹಂಡೆಯಿಂದ ತುಂಬಿ, ಕೇರಿಯಿಂದ ಇಲ್ಲಿಯ ತನಕ ಹೊತ್ತು ತಂದು, ಮೆರವಣಿಗೆ ಹೊರಡುವ ಮೊದಲೇ ಇಟ್ಟರೆ ಮಾತ್ರ ಅದು ಇಲ್ಲಿರಲು ಸಾಧ್ಯ. ಕಾರು ಇದೇ ಮರದ ಕೆಳಗೆ ಕುದಿಯುತ್ತದೆ ಎಂದು ಅದು ಕುದಿಯುವ ಮೊದಲೇ ಗೊತ್ತಿದ್ದವರು ಯಾರು?

ಆವಿ ಆರುವ ತನಕ ಅವಳು ನೆಲದ ಮೇಲೆ ಕೂತಿದ್ದಳು. ಆಮೇಲೆ ಬಟ್ಟೆ ಸುತ್ತಿ ರೇಡಿಯೇಟರಿನ ಮುಚ್ಚಳ ತೆಗೆದಳು. ಹಸಿರು ನೀರು ಇರಬೇಕಾದಲ್ಲಿ ಹಳದಿ ರಾಡಿ, ಮೂಗಿಗೆ ಅಡುಗೆಮನೆಯ ವಾಸನೆ. ಒಂದು ಹಿಡಿಯಲ್ಲ, ಅಪ್ಪ ಡಬ್ಬಿಯಷ್ಟೂ ಸುರಿದಿದ್ದ. ನೇತಾಡಿದ ತಂತಿ, ಸಡಿಲಾದ ಕ್ಲಿಪ್ಪು, ಕೈಗೆ ಬಂದು ಕೂಡುತ್ತಿದ್ದ ಪಾನಾ, ಮತ್ತೆ ಮತ್ತೆ ಬಾರಿಸಿದ ಹಲಗೆ ಎಲ್ಲವೂ ಒಂದೇ ಸಲ ಅವಳ ಕಣ್ಣ ಮುಂದೆ ಬಂದು ನಿಂತವು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಬೇಕು? ಅವಳು ಕುಣಿತ ನೋಡಿ ಕಣ್ಣು ತುಂಬಿಕೊಂಡಿದ್ದಳಲ್ಲ, ಅದು ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಮದುಮಗನನ್ನು ಟೆಂಪೊ ಹತ್ತಿಸಿ ಸುಂಕಪ್ಪ ಮರಳಿ ಬಂದ, ಎಂಜಿನ್ ಹೇಗಿದೆ ನೋಡಲು. ಮಗಳ ಬೆರಳಿಗೆ ಮೆತ್ತಿದ್ದ ರಾಡಿ ನೋಡಿದ. ಸುಳ್ಳು ಹೇಳುವ ಕಷ್ಟ ತೆಗೆದುಕೊಳ್ಳಲಿಲ್ಲ.

"ನಮ್ಮಣ್ಣನ ಕಾಲು ನೋಡೀಯಲ್ಲ ನೀನು," ಎಂದ.

ಅವಳು ನೋಡಿದ್ದಳು. ದೊಡ್ಡಪ್ಪ ತನ್ನ ಮದುವೆಯಲ್ಲಿ ಬಂಡಿಯಿಂದ ಇಳಿಯಲಿಲ್ಲವೆಂದು ಮುರಿಸಿಕೊಂಡ ಕಾಲನ್ನು ಸಾಯುವ ತನಕ ಎಳೆದುಕೊಂಡೇ ನಡೆದಿದ್ದ.

"ಹಿರ್ಯಾರ ಕೂಡ ಮಾತಾಗಿತ್ತು. ಗಾಡಿ ತಾನ ಕೆಟ್ಟಂಗ ಆದ್ರ ಅವರ ಮಾನಾನೂ ಉಳೀತದ, ನಮ್ಮ ಮಾನಾನೂ ಉಳೀತದ. ನಿನ್ನ ತಮ್ಮ ಎರಡು ಕಾಲ ಮ್ಯಾಲ ನಡದು ಟೆಂಪೊ ಹತ್ತ್ಯಾನ. ಇನ್ನೇನು ಬೇಕು ಯವ್ವಾ?"

"ಅವರು ಬಡದಿದ್ರ ತಡಕೋತಿದ್ದೆ ಯಪ್ಪಾ," ಎಂದಳು ವಿಶಾಖಾ. "ನೀ ನನ್ನ ಕೈಗೆ ಪಾನಾ ಕೊಡ್ಕೋತ ಇದನ್ನ ಮಾಡ್ದಿ."

ಟೆಂಪೊದ ಹಾರ್ನ್ ಕೂಗಿತು. ಸುಂಕಪ್ಪ ಕೊಡದ ನೀರನ್ನು ತೋರಿಸಿ, ಮೆಲ್ಲಗೆ ಹಾಕು ಎಂದು ಹೇಳಿ ಹೋದ. ಅವಳು ಕೊಡವನ್ನು ಒದ್ದಳು. ನೀರು ಬೀದಿಯ ಧೂಳಿನಲ್ಲಿ ಹರಿದು ಇಂಗಿತು.

ಆ ಹೊತ್ತಿಗೆ ಕಟ್ಟೆಯಿಂದ ಹಿರಿಯ ಪರಮಣ್ಣ ಎದ್ದು ಬಂದ. ಊರಿನಲ್ಲಿ ಅವನ ಮಾತೇ ಮಾತು. ಕಾರನ್ನು ಒಂದು ಸುತ್ತು ನೋಡಿ, ಚೆಂದ ಅದೆ, ಮೊಮ್ಮಕ್ಕಳು ಫೋಟೋ ತೆಗೆಯಬೇಕೆಂದು ಬೆಳಿಗ್ಗೆಯಿಂದ ಮೊಬೈಲು ಹಿಡಿದು ಕೂತಿದ್ದವು, ಇಲ್ಲೇ ಕೆಟ್ಟಿತಲ್ಲ ಎಂದು ಲೊಚಗುಟ್ಟಿದ. ನೀವು ಹೇಳಿದ ಹಾಗೇ ಆಯಿತಲ್ಲ, ಇನ್ನೇನು ಎಂದು ವಿಶಾಖಾ ಮುಖ ಎತ್ತದೆ ಕೇಳಿದಳು. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ನಾವೇನು ಹೇಳಿದ್ವಿ? ನಿಮ್ಮಪ್ಪ ತಾನ ನಮ್ಮ ಮನಿಗೆ ಬಂದು, ಗಾಡಿ ಈ ಕಟ್ಟಿ ಮುಂದ ಬರಂಗಿಲ್ಲ, ನೀವು ಕಾಳಜಿ ಮಾಡಬ್ಯಾಡ್ರಿ ಅಂದ. ನಾವು ಕೇಳಿರ್ಲಿಲ್ಲವ್ವಾ."

"ಬರಲಿ ಬಿಡು ಅಂತ ಅನ್ಲಿಲ್ಲೇನ್ರಿ?"

ಪರಮಣ್ಣ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. "ತಾನ ಬ್ಯಾಡ ಅಂತ ಬಂದಾವಗ ನಾವ್ಯಾಕ ಬಾ ಅನ್ನೋಣ?" ಎಂದು ಹೇಳಿ ಕಟ್ಟೆಗೆ ಮರಳಿದ.

ಅವರು ತಡೆಯುತ್ತಿದ್ದರೋ ಇಲ್ಲವೋ ಇನ್ನು ಯಾರಿಗೂ ತಿಳಿಯುವುದಿಲ್ಲ. ತಡೆದಿದ್ದರೆ ಜಗಳವಾಡಬಹುದಿತ್ತು, ಹೊಡೆದಿದ್ದರೆ ಪೊಲೀಸರ ಬಳಿ ಹೋಗಬಹುದಿತ್ತು, ಸುಮ್ಮನೆ ಕೂತಿದ್ದರೆ ಗೆದ್ದುಬಿಡಬಹುದಿತ್ತು. ಆ ಮೂರನ್ನೂ ಅಪ್ಪ ಒಂದು ಡಬ್ಬಿ ಅರಿಶಿನದಲ್ಲಿ ಕಟ್ಟಿಹಾಕಿದ್ದ. ವಿಶಾಖಾ ಮಧ್ಯಾಹ್ನದ ಬಸ್ಸಿಗೆ ಮಾನ್ವಿಗೆ ಹೋಗಿ ಮಂಟಪದ ಮೂಲೆಯಲ್ಲಿ ಕೂತಳು. ಮಂಜುಳಾ ಕಾಲಿಗೆ ಎರಗಿದಾಗ ಹರಸಿದಳು. ಕಾರಿಗೆ ಏನಾಗಿತ್ತು ಎಂದು ಹುಲಿಗೇಶ ನೇರವಾಗಿ ಕೇಳಿದಾಗ, ಹಳೆಯ ಗಾಡಿ, ಅಷ್ಟೇ ಎಂದಳು. ಮದುವೆಯ ದಿನ ಅವನಿಗೆ ಅಪ್ಪ ಇಲ್ಲದಂತೆ ಮಾಡಲು ಅವಳಿಂದಾಗಲಿಲ್ಲ. ಅವನು ಸರಿ ಎಂದು ಮುಖ ತಿರುವಿದ. ಅಕ್ಕ ಕೊನೆಯ ಗಳಿಗೆಯಲ್ಲಿ ಹೆದರಿದಳು ಎಂದೇ ಅವನು ತಿಳಿದ, ಹಾಗೆಯೇ ತಿಳಿದುಕೊಂಡಿದ್ದಾನೆ. ಆ ಸಂಜೆ ಅವಳು ಮುದಸ್ಸಿರನಿಗೆ ಫೋನು ಮಾಡಿ ತಪ್ಪಾಯಿತು ಎಂದಳು. ಅವನು ಯಾರು ಬಿಚ್ಚಿದ್ದರು ಎಂದು ಕೇಳಲಿಲ್ಲ.

ಮದುವೆಯ ಗದ್ದಲ ಮುಗಿದ ಮೇಲೆ ವಿಶಾಖಾ ಕಾರು ಒಯ್ಯಲು ಊರಿಗೆ ಬಂದಳು. ಹುಡುಗರು ಅದನ್ನು ಕೇರಿಗೆ ತಳ್ಳಿ ತಂದಿಟ್ಟಿದ್ದರು. ರೇಡಿಯೇಟರಿಗೆ ನೀರು ಬಿಟ್ಟು ತೊಳೆದಳು. ಹಳದಿ ನೀರು ಬಂದೇ ಬಂತು, ತಿಳಿಯಾಗಲು ಬೆಳಗೆಲ್ಲ ಹಿಡಿಯಿತು. ಸುಂಕಪ್ಪ ಕೇಳದೆಯೇ ಕೊಡಗಟ್ಟಲೆ ನೀರು ಹೊತ್ತು ತಂದು ಇಡುತ್ತಿದ್ದ, ಅವಳು ತಾನೇ ಎತ್ತಿ ಸುರಿಯುತ್ತಿದ್ದಳು. ಪಾನಾ ಬೇಕಾದಾಗ ಎದ್ದು ಹೋಗಿ ತಂದುಕೊಂಡಳು. ಕೊನೆಗೆ ಕೀಲಿ ತಿರುವಿದರೆ ಒಂದೇ ಏಟಿಗೆ ಎಂಜಿನ್ ಹೊತ್ತಿಕೊಂಡಿತು. ಅಪ್ಪನಿಗೆ ಪಕ್ಕದ ಸೀಟು ತೋರಿಸಿ ಕೂಡು ಎಂದಳು. ಮಗಳ ಸಿಟ್ಟು ಇಳಿಯಿತೆಂದು ಅವನ ಮುಖ ಅರಳಿತು. ಧೋತರ ಒತ್ತಿ ಹಿಡಿದು ಕೂತ.

ಬೀದಿಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಹೊಲಕ್ಕೆ ಹೋಗಿದ್ದರು. ಬೇವಿನ ಮರ ಬಂತು. ಅವಳು ವೇಗ ಇಳಿಸಿ, ನಡೆಯುವವರ ಹೆಜ್ಜೆಗೆ ಕಾರು ತಂದಳು. ಎದುರಿಗೆ ಕಟ್ಟೆ ಖಾಲಿ ಬಿದ್ದಿತ್ತು, ಮೇಲೆ ಒಂದು ನಾಯಿ ಮಲಗಿತ್ತು.

"ನೋಡು ಯಪ್ಪಾ," ಎಂದಳು, "ಯಾರೂ ಇಲ್ಲ."

ಸುಂಕಪ್ಪ ನೋಡಿದ. ನೋಡುತ್ತಲೇ ಅವನ ಕೈ ಬಾಗಿಲಿನ ಹಿಡಿಗೆ ಹೋಯಿತು. ಅಷ್ಟು ತಗ್ಗಿನ ಕಾರು, ಇಳಿಯಲು ಕಾಲು ಚಾಚಿದರೆ ಸಾಕಿತ್ತು. ಅವನು ಇಳಿದ, ಬಾಗಿಲು ತೆರೆದೇ ಉಳಿಯಿತು. ವಿಶಾಖಾ ಬ್ರೇಕು ಒತ್ತಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಮಲಗಿದ ನಾಯಿಯ ಮುಂದೆ ನಡೆದು ಬರುತ್ತಿದ್ದ. ಕಟ್ಟೆ ದಾಟಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು, ಕಾರು ತನಗಾಗಿ ಕಾಯುತ್ತದೆ ಎಂದು ಅಗಸಿಯ ಬಾಯಿಗೆ ಬಂದು ನಿಂತ. ಅವಳು ಕೈ ಚಾಚಿ ಬಾಗಿಲು ಎಳೆದುಕೊಂಡು ಜಾಲಹಳ್ಳಿಯ ರಸ್ತೆ ಹಿಡಿದಳು.